ಬೇಸಗೆಯಲ್ಲಿ ಓದು ಬತ್ತುವುದೇ?

ಏಪ್ರಿಲ್ ತಿಂಗಳ ಎರಡನೆಯ ವಾರದ ಹೊತ್ತಿಗೆ ನಮ್ಮ ನಾಡಿನ ಶಾಲೆಗಳು ಮುಚ್ಚುತ್ತವೆ. ಪರೀಕ್ಷೆಯ ಕಾಟ ಮುಗಿಯಿತೆಂದು ಮಕ್ಕಳು ಪುಸ್ತಕದ ಚೀಲವನ್ನು ಅಟ್ಟಕ್ಕೇರಿಸಿ, ಮಾವಿನ ತೋಪಿಗೂ ಕೆರೆಯ ದಂಡೆಗೂ ಅಜ್ಜಿಯ ಮನೆಗೂ ಓಡುತ್ತಾರೆ. ಮುಂಗಾರಿನ ಮೋಡಗಳು ಕಾಣಿಸಿಕೊಳ್ಳುವ ಕಾಲಕ್ಕೆ ಶಾಲೆಯ ಬಾಗಿಲು ಮತ್ತೆ ತೆರೆಯುತ್ತದೆ. ಆಗ ಉಪಾಧ್ಯಾಯರು ಒಂದು ವಿಚಿತ್ರವನ್ನು ಗಮನಿಸುವುದುಂಟು. ಮಾರ್ಚ್ ತಿಂಗಳಲ್ಲಿ ಸರಾಗವಾಗಿ ಓದುತ್ತಿದ್ದ ಮಗುವೊಂದು ಜೂನ್ ತಿಂಗಳಲ್ಲಿ ಒತ್ತಕ್ಷರ ಬಂದೊಡನೆ ಎಡವುತ್ತದೆ. ಅದರ ಪಕ್ಕದಲ್ಲೇ ಕುಳಿತ ಇನ್ನೊಂದು ಮಗು ಎಡವದೆ, ಮೊದಲಿಗಿಂತಲೂ ಚುರುಕಾಗಿ ಓದುತ್ತದೆ. ಇಬ್ಬರಿಗೂ ಒಂದೇ ಶಾಲೆ, ಒಂದೇ ಪಾಠ, ಒಂದೇ ರಜೆ. ಹೀಗಿರುವಲ್ಲಿ ಈ ವ್ಯತ್ಯಾಸ ಬಂದುದೆಲ್ಲಿಂದ?

ಈ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಹುಡುಕುವುದಕ್ಕೆ ಬಹಳ ಮೊದಲೇ ಪುಸ್ತಕಾಲಯದವರು ಒಂದು ಉಪಾಯ ಹೂಡಿದ್ದರು. 19ನೆಯ ಶತಮಾನದ ಕೊನೆಯ ದಶಕದಲ್ಲಿಯೇ ಅಮೆರಿಕದ ಪುಸ್ತಕಾಲಯಗಳು ಮಕ್ಕಳನ್ನು ರಜೆಯ ದಿನಗಳಲ್ಲಿ ತಮ್ಮತ್ತ ಸೆಳೆಯಲು ಯತ್ನಿಸಿದವು. ಬ್ರಿಟನ್ನಿನಲ್ಲಿ 1999ರಲ್ಲಿ ಆರಂಭವಾದ ಬೇಸಗೆಯ ಓದಿನ ಯೋಜನೆಯು ಇಂದು ಅಲ್ಲಿ ಮನೆಮಾತು. 4ರಿಂದ 11 ವರ್ಷದ ಮಕ್ಕಳು ಊರಿನ ಪುಸ್ತಕಾಲಯದಲ್ಲಿ ಹೆಸರು ಬರೆಸುತ್ತಾರೆ. ತಮಗೆ ಬೇಕಾದ ಪುಸ್ತಕಗಳನ್ನು ತಾವೇ ಆರಿಸಿಕೊಳ್ಳುತ್ತಾರೆ. ರಜೆ ಮುಗಿಯುವುದರೊಳಗೆ 6 ಪುಸ್ತಕಗಳನ್ನು ಓದಬೇಕೆಂಬುದು ಬಹುಕಾಲ ನಡೆದು ಬಂದ ಪದ್ಧತಿ. ಓದಿದಂತೆಲ್ಲ ಅಂಟಿಸುವ ಚಿತ್ರಗಳು, ಕೊನೆಯಲ್ಲಿ ಪ್ರಶಸ್ತಿಪತ್ರ ಅಥವಾ ಪದಕ. ಇದರಿಂದ ನಿಜವಾಗಿಯೂ ಪ್ರಯೋಜನವುಂಟೆ? ಇದನ್ನು ತಿಳಿಯಬೇಕಾದರೆ ಓದು ಎಂದರೇನೆಂಬುದನ್ನು ಮೊದಲು ಪರೀಕ್ಷಿಸಬೇಕು.

ಕಣ್ಣಿನ ಕುಪ್ಪಳಿಕೆ

ಓದುವಾಗ ನಮ್ಮ ದೃಷ್ಟಿಯು ಸಾಲಿನ ಮೇಲೆ ಹೊಳೆಯ ನೀರಿನಂತೆ ಹರಿಯುತ್ತದೆಂದು ನಾವು ಭಾವಿಸುತ್ತೇವೆ. ಅದು ತಪ್ಪು. ಕಣ್ಣು ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಸುಮಾರು 1879ರಲ್ಲಿ ಇದನ್ನು ವಿವರಿಸಿದನು. ಒಂದೆಡೆ ಸೆಕೆಂಡಿನ ನಾಲ್ಕನೆಯ ಒಂದು ಭಾಗದಷ್ಟು ಹೊತ್ತು ನಿಲ್ಲುವುದು, ಅನಂತರ ಮಿಂಚಿನಂತೆ ಮುಂದಕ್ಕೆ ನೆಗೆಯುವುದು, ಮತ್ತೆ ನಿಲ್ಲುವುದು. ಇದೇ ಕಣ್ಣಿನ ನಡಿಗೆ. ವಾಚಕರು ಇದನ್ನು ಸ್ವತಃ ನೋಡಬಹುದು. ಅಚ್ಚಾದ ಹಾಳೆಯೊಂದರ ನಡುವೆ ಸಣ್ಣ ರಂಧ್ರ ಮಾಡಿ, ಅಚ್ಚಿನ ಮಗ್ಗುಲನ್ನು ಗೆಳೆಯನ ಕಡೆಗೆ ಹಿಡಿಯಿರಿ. ಅವನು ಓದುತ್ತಿರುವಾಗ ಹಿಂದಿನಿಂದ ಆ ರಂಧ್ರದ ಮೂಲಕ ಅವನ ಕಣ್ಣುಗಳನ್ನು ನೋಡಿದರೆ ಕುಪ್ಪಳಿಕೆ ಸ್ಪಷ್ಟವಾಗಿ ಕಾಣುವುದು. ಅನಂತರ ಎರಡನೆಯ ತರಗತಿಯ ಮಗುವಿನಿಂದ ಸುಲಭವಾದ ಪುಟವೊಂದನ್ನು ಹೀಗೆಯೇ ಓದಿಸಿ. ಅದರ ಕಣ್ಣು ಹೆಚ್ಚು ಕಡೆ ನಿಲ್ಲುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ, ಮತ್ತೆಮತ್ತೆ ಹಿಂದಕ್ಕೂ ಹೋಗುತ್ತದೆ.

ಕಣ್ಣಿನ ಈ ತಡವರಿಕೆಗೆ ಕಾರಣವಿರುವುದು ಮೆದುಳಿನಲ್ಲಿ. ಮಾತು ಮನುಷ್ಯನಿಗೆ ಅತಿ ಪ್ರಾಚೀನ ಕಾಲದಿಂದ ಬಂದುದು. ಬರವಣಿಗೆಯಾದರೋ ಸುಮಾರು 5,000 ವರ್ಷಗಳಷ್ಟು ಈಚಿನದು. ಇಷ್ಟು ಅಲ್ಪಕಾಲದಲ್ಲಿ ಓದಿಗೆಂದೇ ಹೊಸ ಅಂಗವೊಂದು ಮೆದುಳಿನಲ್ಲಿ ವಿಕಾಸಗೊಳ್ಳುವುದು ಸಾಧ್ಯವಿಲ್ಲ. ಆದುದರಿಂದ ಪ್ರತಿಯೊಂದು ಮಗುವೂ ಬೇರೆ ಕೆಲಸಕ್ಕೆಂದು ಇದ್ದ ಭಾಗಗಳನ್ನು ಓದಿಗೆ ಪಳಗಿಸಿಕೊಳ್ಳಬೇಕಾಗುತ್ತದೆ. ಮೆದುಳಿನ ಎಡಭಾಗದಲ್ಲಿ, ಹಿಂದುಗಡೆ ಕೆಳಮಗ್ಗುಲಲ್ಲಿ, ಆಕಾರಗಳನ್ನು ಗುರುತಿಸುವ ಪ್ರದೇಶವೊಂದಿದೆ. ಓದಲು ಕಲಿತವರಲ್ಲಿ ಇದರ ಒಂದಂಶವು ಅಕ್ಷರಗಳಿಗೆ ಮೀಸಲಾಗುತ್ತದೆ. ಫ್ರಾನ್ಸಿನ ಸ್ಟಾನಿಸ್ಲಾಸ್ ದಹಾನ್ ಮತ್ತು ಅವರ ಸಂಗಡಿಗರು ಅನಕ್ಷರಸ್ಥರನ್ನೂ, ಬಾಲ್ಯದಲ್ಲಿ ಓದು ಕಲಿತವರನ್ನೂ, ದೊಡ್ಡವರಾದ ಮೇಲೆ ಕಲಿತವರನ್ನೂ ಹೋಲಿಸಿ 2010ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದನ್ನು ತೋರಿಸಿಕೊಟ್ಟಿತು. ಎಷ್ಟು ಚೆನ್ನಾಗಿ ಓದಬಲ್ಲರೋ ಅಷ್ಟೂ ಈ ಭಾಗವು ಅಕ್ಷರಗಳಿಗೆ ಚುರುಕಾಗಿ ಸ್ಪಂದಿಸುತ್ತಿತ್ತು.

ಕನ್ನಡದ ಮಗುವಿಗೆ ಈ ಪಳಗಿಕೆ ಸ್ವಲ್ಪ ದೀರ್ಘವಾದುದು. ನಮ್ಮ 34 ವ್ಯಂಜನಗಳಲ್ಲಿ ಒಂದೊಂದಕ್ಕೂ ಕಾಗುಣಿತದ 15 ರೂಪಗಳೆಂದು ಲೆಕ್ಕ ಹಾಕಿದರೆ 510 ಆಕಾರಗಳಾಗುತ್ತವೆ. ಒತ್ತಕ್ಷರಗಳು ಇದರ ಹೊರಗೆ. ಕನ್ನಡದ ಮಕ್ಕಳ ಓದನ್ನು ಅಭ್ಯಸಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಿಂದ, ಅಕ್ಷರಗಳ ಪೂರ್ಣ ಪರಿಚಯಕ್ಕೆ ಒಂದೆರಡು ವರ್ಷ ಸಾಲದು, ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಸಾಗಿರುತ್ತದೆ ಎಂದು ತಿಳಿದುಬಂದಿದೆ. ಎಂದರೆ, ನಮ್ಮ ಮಗು ಓದು ಇನ್ನೂ ಕೈವಶವಾಗಿರದ ಸ್ಥಿತಿಯಲ್ಲಿಯೇ ಮೂರು ನಾಲ್ಕು ಬೇಸಗೆಗಳನ್ನು ದಾಟಬೇಕು. ನೆಟ್ಟ ಸಸಿ ಬೇರೂರುವ ಮುನ್ನವೇ ನೀರು ನಿಲ್ಲಿಸಿದಂತೆ ಇದು.

ಮರೆವಿನ ಲೆಕ್ಕ

ಮರೆವನ್ನು ಮೊದಲು ಅಳತೆಗೆ ಒಳಪಡಿಸಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಬಿಡುವು ಕೊಟ್ಟು, ಅವನ್ನು ಪುನಃ ಕಲಿಯಲು ಎಷ್ಟು ಶ್ರಮ ಉಳಿತಾಯವಾಗುವುದೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದನು. ಒಂದು ದಿನ ಕಳೆಯುವುದರೊಳಗೆ ಉಳಿತಾಯವು ಸುಮಾರು ಮೂರನೆಯ ಒಂದು ಭಾಗಕ್ಕಿಳಿಯಿತು. ಆದರೆ 31 ದಿನಗಳಾದ ಮೇಲೂ ಐದನೆಯ ಒಂದು ಭಾಗದಷ್ಟು ಉಳಿದಿತ್ತು. ಮರೆವು ಮೊದಲು ಧಾವಿಸುತ್ತದೆ, ಅನಂತರ ನಿಧಾನವಾಗುತ್ತದೆ. ಅರ್ಥವುಳ್ಳ ವಿಷಯವು ಇಷ್ಟು ಬೇಗ ಅಳಿಯುವುದಿಲ್ಲ. ನಡುನಡುವೆ ನೆನೆದರೆ ಇನ್ನೂ ಗಟ್ಟಿಯಾಗುತ್ತದೆ.

ರಜೆಯ ಮರೆವನ್ನು ಅಳೆಯುವ ಯತ್ನಗಳೂ ನಡೆದವು. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ನಷ್ಟವಾಗುವಂತೆ ಕಂಡಿತು. ಗಣಿತದಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಮೆ ಒಂದೇ ಬಗೆಯಾಗಿ ಹಿಂದೆ ಬಿದ್ದಿದ್ದರು. ಓದಿನಲ್ಲಿ ಹಾಗಲ್ಲ. ಅನುಕೂಲಸ್ಥರ ಮಕ್ಕಳು ಹಿಂದೆ ಬೀಳಲಿಲ್ಲ. ಬಡವರ ಮಕ್ಕಳು ಮಾತ್ರ ಬಿದ್ದಿದ್ದರು.

ಕಾರಣವೇನು? ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ ಒಂದನೆಯ ತರಗತಿ ಸೇರಿದ ಸುಮಾರು 790 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು ಇದನ್ನು ನೀರಿನ ನಲ್ಲಿಗೆ ಹೋಲಿಸಿದರು. ಶಾಲೆಯೆಂಬ ನಲ್ಲಿ ಹರಿಯುತ್ತಿರುವಾಗ ಎಲ್ಲರ ಕೊಡವೂ ತುಂಬುತ್ತದೆ. ನಲ್ಲಿ ನಿಂತಾಗ, ಮನೆಯಲ್ಲಿ ಬಾವಿಯಿದ್ದವರಿಗೆ ಕೊರತೆಯಿಲ್ಲ. ಬಾವಿಯಿಲ್ಲದವರ ಕೊಡ ಬರಿದು. ಪುಸ್ತಕವಿರುವ ಮನೆಯೇ ಇಲ್ಲಿ ಬಾವಿಯುಳ್ಳ ಮನೆ.

ಹಾಗಾದರೆ ಬಾವಿಯಿಲ್ಲದವರಿಗೆ ಊರಬಾವಿಯಾದರೂ ಇರಬೇಡವೆ? ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಸುಮಾರು 3,000 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1978ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಬೇಸಗೆಯ ಎಲ್ಲ ಚಟುವಟಿಕೆಗಳಿಗಿಂತಲೂ ಓದೇ ಮಕ್ಕಳ ಮುನ್ನಡೆಯೊಡನೆ ಹೆಚ್ಚು ನಿಕಟವಾಗಿ ಹೆಣೆದುಕೊಂಡಿತ್ತು. ಪುಸ್ತಕಾಲಯವು ಮನೆಗೆ ಹತ್ತಿರವಿದ್ದಷ್ಟೂ ಮಕ್ಕಳು ಅದನ್ನು ಹೆಚ್ಚಾಗಿ ಬಳಸುತ್ತಿದ್ದರು. ದಾರಿಯ ದೂರವೂ ವಿದ್ಯೆಯ ಲೆಕ್ಕದಲ್ಲಿ ಸೇರಿತು!

ಒಂದು ಆಕ್ಷೇಪ

ಇಲ್ಲಿ ಎಚ್ಚರಿಕೆ ಬೇಕು. ಪುಸ್ತಕಾಲಯಕ್ಕೆ ಹೋಗುವ ಮಗು ಮೊದಲಿನಿಂದಲೂ ಓದಿನಲ್ಲಿ ಆಸಕ್ತಿಯುಳ್ಳದ್ದೇ ಆಗಿರಬಹುದು. ಆಗ ಮುನ್ನಡೆಗೆ ಪುಸ್ತಕಾಲಯವನ್ನು ಕಾರಣವೆನ್ನುವುದು, ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದಂತಾಗುತ್ತದೆ. ಈ ಸಂದೇಹವನ್ನು ನಿವಾರಿಸಲು ಪ್ರಯೋಗವೇ ಆಗಬೇಕು.

ಅಂತಹ ಪ್ರಯೋಗವೊಂದನ್ನು ರಿಚರ್ಡ್ ಆಲಿಂಗ್ಟನ್, ಆನ್ ಮೆಕ್‌ಗಿಲ್ ಫ್ರಾಂಜನ್ ಮತ್ತು ಅವರ ಸಂಗಡಿಗರು ಫ್ಲಾರಿಡಾದಲ್ಲಿ ನಡೆಸಿದರು. ಬಡ ಮಕ್ಕಳೇ ಹೆಚ್ಚಾಗಿದ್ದ 17 ಶಾಲೆಗಳಿಂದ ಚೀಟಿ ಎತ್ತಿದಂತೆ 852 ಮಕ್ಕಳನ್ನು ಒಂದು ತಂಡಕ್ಕೂ 478 ಮಕ್ಕಳನ್ನು ಇನ್ನೊಂದು ತಂಡಕ್ಕೂ ಸೇರಿಸಿದರು. ಮೊದಲನೆಯ ತಂಡದ ಪ್ರತಿಯೊಂದು ಮಗುವಿಗೂ ಮೂರು ಬೇಸಗೆಗಳಲ್ಲಿ ತಲಾ 12ರಂತೆ, ಆ ಮಗುವೇ ಆರಿಸಿಕೊಂಡ ಪುಸ್ತಕಗಳನ್ನು ಉಚಿತವಾಗಿ ಕೊಟ್ಟರು. ಇನ್ನೊಂದು ತಂಡಕ್ಕೆ ಪುಸ್ತಕಗಳಿಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲನೆಯ ತಂಡವೇ ಮುಂದಿತ್ತು. ವ್ಯತ್ಯಾಸವು ದೊಡ್ಡದಲ್ಲ, ಆದರೆ ಅತ್ಯಂತ ಬಡ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು.

ಪುಸ್ತಕ ಕೈಗಿತ್ತರೆ ಕೆಲಸ ಮುಗಿಯಿತೆ? ಇಲ್ಲವೆಂದು ಇನ್ನೊಂದು ಪ್ರಯೋಗ ಹೇಳುತ್ತದೆ. ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಪುಸ್ತಕ ಪಡೆದವರಿಗೆ ಹೇಳಿಕೊಳ್ಳುವಂತಹ ಲಾಭವಾಗಲಿಲ್ಲ. ಗಟ್ಟಿಯಾಗಿ ಓದುವ ಅಭ್ಯಾಸವನ್ನೂ, ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಕ್ರಮವನ್ನೂ ರಜೆಗೆ ಮುಂಚೆ ಉಪಾಧ್ಯಾಯರಿಂದ ಕಲಿತು, ಮನೆಯವರ ನೆರವನ್ನೂ ಪಡೆದ ಮಕ್ಕಳು ಮುಂದೆ ಬಂದರು. ಮಗು ಓದಿದರೆ ಸಾಲದು. ಕೇಳುವ ಕಿವಿಯೂ ಒಂದಿರಬೇಕು.

ವಿಜ್ಞಾನದಲ್ಲಿ ಯಾವ ತೀರ್ಮಾನವೂ ಪುನಃ ಪರೀಕ್ಷೆಗೆ ಹೊರತಲ್ಲ. ಪಾಲ್ ವಾನ್ ಹಿಪೆಲ್ ಎಂಬ ಸಂಶೋಧಕರು 2019ರಲ್ಲಿ ಬರೆದ ಲೇಖನದಲ್ಲಿ ಬಾಲ್ಟಿಮೋರಿನ ನಿರ್ಣಯವನ್ನೇ ಪ್ರಶ್ನಿಸಿದರು. ಅಂದಿನ ಪರೀಕ್ಷೆಗಳ ಅಂಕಗಳು, ಗುರುತುಗಳು ಸಮನಾಗಿಲ್ಲದ ಅಳತೆಗೋಲಿನಂತಿದ್ದವು. ಹೊಸ ಬಗೆಯ ಪರೀಕ್ಷೆಗಳಿಂದ ಅಳೆದರೆ ಬಡವ ಬಲ್ಲಿದರ ಅಂತರವು ಬೇಸಗೆಯಲ್ಲಿ ಅಷ್ಟಾಗಿ ಹೆಚ್ಚುವುದು ಕಾಣುವುದಿಲ್ಲವೆಂದು ಅವರ ವಾದ. ಹಾಗಾದರೆ ಬೇಸಗೆಯ ಓದು ವ್ಯರ್ಥವೆ? ಅಲ್ಲ. ನಷ್ಟವೆಷ್ಟೆಂಬುದು ಒಂದು ಪ್ರಶ್ನೆ, ಓದಿದರೆ ಲಾಭವುಂಟೇ ಎಂಬುದು ಇನ್ನೊಂದು. ಫ್ಲಾರಿಡಾದಲ್ಲಿ ಎರಡು ತಂಡಗಳನ್ನೂ ಒಂದೇ ಕೋಲಿನಿಂದ ಅಳೆದುದರಿಂದ ಆ ಫಲಿತಾಂಶಕ್ಕೆ ಈ ಆಕ್ಷೇಪದಿಂದ ಹಾನಿಯಿಲ್ಲ. ಮೇಲಾಗಿ, ಹಿಂದೆ ಉಳಿದ ಮಗು ಮುಂದಿನವರನ್ನು ಹಿಡಿಯಲು ರಜೆಗಿಂತ ಒಳ್ಳೆಯ ಅವಕಾಶವಿಲ್ಲವೆಂದು ಅವರೇ ಒಪ್ಪುತ್ತಾರೆ.

ಪದಕದ ಪ್ರಶ್ನೆ

ಇನ್ನು ಬಹುಮಾನದ ವಿಚಾರ. ಪದಕದಾಸೆ ತೋರಿಸಿ ಓದಿಸುವುದು ಸರಿಯೆ? 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್‌ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಪ್ರಸಿದ್ಧವಾದ ಪ್ರಯೋಗವೊಂದನ್ನು ಪ್ರಕಟಿಸಿದರು. ಬಣ್ಣದ ಲೇಖನಿಗಳಿಂದ ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿ ಕೊಡುವೆವೆಂದು ಮೊದಲೇ ತಿಳಿಸಿದರು. ಕೆಲವರಿಗೆ ತಿಳಿಸದೆ ಕೊನೆಯಲ್ಲಿ ಕೊಟ್ಟರು. ಕೆಲವರಿಗೆ ಕೊಡಲೇ ಇಲ್ಲ. ಕೆಲವು ದಿನಗಳ ಮೇಲೆ ನೋಡಿದಾಗ, ಪ್ರಶಸ್ತಿಗಾಗಿ ಬರೆದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುತ್ತಿದ್ದುದು ಉಳಿದವರ ಅರ್ಧದಷ್ಟು ಮಾತ್ರ! ಆಟವಾಗಿದ್ದುದು ಕೂಲಿಯಾಯಿತು, ಕೂಲಿ ನಿಂತೊಡನೆ ಕೆಲಸವೂ ನಿಂತಿತು.

ಇದರಿಂದ ಬಹುಮಾನವೇ ಕೂಡದೆಂದು ತೀರ್ಮಾನಿಸಬೇಕಾಗಿಲ್ಲ. ಓದಿನ ರುಚಿಯೇ ತಿಳಿಯದ ಮಗುವನ್ನು ಹೊಸಿಲು ದಾಟಿಸಲು ಸಣ್ಣ ಕಾಣಿಕೆ ನೆರವಾಗಬಹುದು. ಆದರೆ ಎಷ್ಟು ಪುಟ ಓದಿದೆ ಎಂಬ ಲೆಕ್ಕವೇ ಮುಖ್ಯವಾದರೆ ಮಗು ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತದೆ. ಬಹುಮಾನವಾಗಿ ಇನ್ನೊಂದು ಪುಸ್ತಕವನ್ನೇ ಕೊಟ್ಟರೆ ಈ ತೊಡಕು ಬಹುಮಟ್ಟಿಗೆ ತಪ್ಪೀತು.

ನಮ್ಮ ಊರಬಾವಿ

ಪ್ರತಿಯೊಬ್ಬ ಓದುಗನಿಗೂ ಅವನಿಗೊಪ್ಪುವ ಪುಸ್ತಕ ದೊರೆಯಬೇಕೆಂಬುದನ್ನು 1931ರಲ್ಲಿಯೇ ಗ್ರಂಥಾಲಯ ಶಾಸ್ತ್ರದ ಸೂತ್ರವನ್ನಾಗಿ ಮಾಡಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಈ ಮಹನೀಯರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಇಂದು ಗ್ರಾಮ ಪಂಚಾಯತಿಗಳ ಆಶ್ರಯದಲ್ಲಿಯೇ 5,000ಕ್ಕೂ ಹೆಚ್ಚು ಗ್ರಂಥಾಲಯಗಳಿವೆ. 2020ರಲ್ಲಿ ಸಾಂಕ್ರಾಮಿಕದಿಂದಾಗಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದಾಗ, ಆ ವರ್ಷದ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಯೋಜನೆ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವ ಉಚಿತವಾಯಿತು. ಅತಿ ದೀರ್ಘವಾದ ಆ ‘ರಜೆ’ಯಲ್ಲಿ ನಲ್ಲಿ ನಿಂತಿದ್ದಾಗ ತೆರೆದುಕೊಂಡ ಊರಬಾವಿಯಿದು.

ಬಾವಿಯಿದ್ದರೂ ನೀರು ಸೇದುವವರು ಬೇಕಲ್ಲವೆ? ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳಾದ ನಮ್ಮ ವಾಚಕರಿಗೆ ಇಲ್ಲಿ ಕೆಲಸವಿದೆ. ಮುಂದಿನ ಬೇಸಗೆಯಲ್ಲಿ ನಿಮ್ಮ ಕೇರಿಯ ಎರಡು ಮೂರು ಚಿಕ್ಕ ಮಕ್ಕಳನ್ನು ಹತ್ತಿರದ ಗ್ರಂಥಾಲಯಕ್ಕೆ ಕರೆದೊಯ್ಯಿರಿ. ಪುಸ್ತಕವನ್ನು ಅವರೇ ಆರಿಸಲಿ, ಚಿತ್ರಕಥೆಯಾದರೂ ಸರಿಯೇ. ದಿನಕ್ಕೆ ಅರ್ಧ ಗಂಟೆ ಜಗುಲಿಯ ಮೇಲೆ ಕುಳಿತು ಅವರು ಓದುವುದನ್ನು ಕೇಳಿ. ಎಡವಿದಲ್ಲಿ ಒಡನೆಯೇ ಹೇಳಿಕೊಡಬೇಡಿ, ಒಂದು ಕ್ಷಣ ಕಾಯಿರಿ. ಕಥೆ ಮುಗಿದ ಮೇಲೆ ‘ಆಮೇಲೇನಾಯಿತು? ಹಾಗೇಕಾಯಿತು?’ ಎಂದು ಕೇಳಿ. ಮೇಲೆ ಹೇಳಿದ ಪ್ರಯೋಗಗಳ ಸಾರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಏಪ್ರಿಲಿನಲ್ಲಿ ಒಂದು ಪುಟ, ಮೇ ತಿಂಗಳ ಕೊನೆಯಲ್ಲಿ ಅಷ್ಟೇ ಕಠಿನವಾದ ಇನ್ನೊಂದು ಪುಟ. ಎರಡನ್ನೂ ಓದಲು ಹಿಡಿದ ಕಾಲವನ್ನು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಆ ಎರಡು ಅಂಕೆಗಳ ನಡುವಿನ ಅಂತರವು ಒಂದು ಮಗುವಿನ ಕಣ್ಣು ಕಡಮೆ ಎಡವಲು ಕಲಿತ ಕಥೆಯನ್ನು ಹೇಳೀತು. ಜೂನ್ ತಿಂಗಳ ಮೊದಲ ದಿನ ಆ ಮಗು ಒತ್ತಕ್ಷರದ ಮುಂದೆ ತಲೆತಗ್ಗಿಸಿ ನಿಲ್ಲದಿದ್ದರೆ, ನಿಮ್ಮ ಬೇಸಗೆಯೂ ವ್ಯರ್ಥವಾಗಲಿಲ್ಲವೆಂದು ತಿಳಿಯಿರಿ.