ರೊಕ್ಕ ಇಲ್ಲದ ಇಸ್ಪೀಟು: ಚಿತ್ತಾಪುರದಲ್ಲಿ ಬ್ರಿಡ್ಜ್ ಕಲಿಯುವಾಗ ತಿಳಿದದ್ದು

ಚಿತ್ತಾಪುರದಂಥ ಊರಲ್ಲಿ ಇಸ್ಪೀಟ್ ಎಲೆ ಹಿಡಿದು ಕೂತರೆ ಜನ ಕೇಳೋ ಮೊದಲ ಪ್ರಶ್ನೆ, "ಎಷ್ಟು ರೊಕ್ಕಕ್ ಆಡ್ಲತ್ತೀರಿ?" ರೊಕ್ಕ ಇಲ್ಲ ಅಂದರೆ ಯಾರೂ ನಂಬೋದಿಲ್ಲ. ಅದು ಅವರ ತಪ್ಪೂ ಅಲ್ಲ. ಅಂದರ್-ಬಾಹರ್ ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ ಅನ್ನೋ ಸುದ್ದಿ ಓದಿ ಓದಿ ಎಲೆ ಅಂದರೆ ಜೂಜು ಅಂತಲೇ ತಲೆಯಲ್ಲಿ ಕೂತುಬಿಟ್ಟಿದೆ. ಅದರ ಮೇಲೆ ಮೊಬೈಲ್ ರಮ್ಮಿ ಬಂತು. ಸಾಲ ಮಾಡಿಕೊಂಡ ಹುಡುಗರು ಯಾವ ಓಣಿಯಲ್ಲಿಲ್ಲ ಹೇಳಿ.

ಇಂಥ ಊರಲ್ಲಿ ನಾವು ನಾಲ್ಕು ಜನ ಬ್ರಿಡ್ಜ್ ಕಲಿಯಲು ಶುರುಮಾಡಿದೆವು. ಒಬ್ಬ ವಾಡಿಯಲ್ಲಿ ರೈಲ್ವೆ ನೌಕರ, ಒಬ್ಬಳು ಶಾಲೆಯಲ್ಲಿ ಟೀಚರ್, ಇನ್ನೊಬ್ಬಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿರೋಳು, ನಾಲ್ಕನೆಯವನು ನಾನು. ಎಲ್ಲಿ ಕೂರೋದು ಅನ್ನೋದೇ ಮೊದಲ ತೊಡಕು. ಗಂಡಸರು ಕಟ್ಟೆ ಮೇಲೆ ಎಲೆ ಆಡಿದರೆ ಬೈಗುಳದಲ್ಲಿ ಮುಗಿಯುತ್ತೆ, ಹೆಣ್ಣುಮಕ್ಕಳು ಆಡಿದರೆ ಮನೆತನದ ಮಾತು ಬರುತ್ತೆ. ಕೊನೆಗೆ ಟೀಚರ್ ಮನೆಯ ಶಹಾಬಾದ್ ಕಲ್ಲಿನ ನೆಲವೇ ನಮ್ಮ ಕ್ಲಬ್ ಆಯ್ತು. ಬೇಸಿಗೆಯಲ್ಲಿ ಅದಕ್ಕಿಂತ ತಂಪಾದ ಮೇಜು ಬೇರೆ ಇಲ್ಲ ಬಿಡಿ.

ಬ್ರಿಡ್ಜ್ ಅಂದ್ರೆ ಏನು? 52 ಎಲೆ, ನಾಲ್ಕು ಜನ, ತಲಾ 13. ಎದುರುಬದರು ಕೂತವರು ಜೋಡಿ. ಒಬ್ಬರು ಇಳಿಸಿದ ಜಾತಿಯ ಎಲೆಯನ್ನೇ ಉಳಿದವರೂ ಹಾಕಬೇಕು (ಎಲೆಗೂ ನಾವು ಜಾತಿ ಅಂತಲೇ ಅನ್ನೋದು, ಇರಲಿ). ಆ ಜಾತಿ ಕೈಯಲ್ಲಿಲ್ಲದಿದ್ದರೆ ತುರುಫು ಹೊಡೆಯಬಹುದು. ನಾಲ್ಕು ಎಲೆ ಬಿದ್ದರೆ ಒಂದು ಟ್ರಿಕ್, ಒಟ್ಟು 13 ಟ್ರಿಕ್. ಕೋಟ್ ಪೀಸ್ ಆಡಿದವರಿಗೆ ಇದರಲ್ಲಿ ಹೊಸದೇನಿಲ್ಲ.

ಹೊಸದು ಇರೋದು ಆಟಕ್ಕೆ ಮುಂಚಿನ ಹರಾಜಿನಲ್ಲಿ, ನಮ್ಮ ಕಡೆ ಲಿಲಾವು ಅಂತಾರಲ್ಲ, ಅದು. ಯಾವುದು ತುರುಫು, ನಮ್ಮ ಜೋಡಿ ಎಷ್ಟು ಟ್ರಿಕ್ ಗೆಲ್ಲುತ್ತೆ ಅಂತ ಮೊದಲೇ ಕೂಗಬೇಕು. 'ಒಂದು ಆಟೀನು' ಅಂದರೆ ಆರರ ಮೇಲೆ ಒಂದು, ಅಂದರೆ ಆಟೀನು ತುರುಫಾಗಿ ಏಳು ಟ್ರಿಕ್. ಕ್ಲಾವರ್ ಕೆಳಗಿನದು, ಆಮೇಲೆ ಡೈಮಂಡ್, ಆಟೀನು, ಇಸ್ಪೀಟು. ಎಲ್ಲಕ್ಕೂ ಮೇಲೆ ತುರುಫೇ ಇಲ್ಲದ ಆಟ. ಐದು ಬಗೆ, ಏಳು ಮಟ್ಟ, ಒಟ್ಟು 35 ಕೂಗು. ಜೊತೆಗೆ ಪಾಸ್, ಡಬಲ್, ರಿಡಬಲ್. ಜೋಡಿಯ ಜೊತೆ ಮಾತಾಡಲು ನಿಮಗಿರೋದು ಈ 38 ಪದ ಮಾತ್ರ. ಕಣ್ಣುಸನ್ನೆ ಇಲ್ಲ, ನಿಟ್ಟುಸಿರು ಇಲ್ಲ, ಕೆಮ್ಮೂ ಇಲ್ಲ.

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂಕ ಎಣಿಸಿಕೊಳ್ಳುತ್ತಾರೆ. ಇಡೀ ಕಟ್ಟಿಗೆ 40. ಕೈಯಲ್ಲಿ 12-13 ಅಂಕ ಇದ್ದರೆ ಹರಾಜು ಶುರುಮಾಡುವುದು ರೂಢಿ. ಈಗ ನಿಮ್ಮ ಜೋಡಿ 'ಒಂದು ಆಟೀನು' ಅಂದರೆ, ನನ್ನ ಹತ್ತಿರ ಅಷ್ಟು ಅಂಕ ಇದೆ, ಆಟೀನು ಕನಿಷ್ಠ ಐದಾದರೂ ಇದೆ ಅಂತ ಅರ್ಥ. ನೀವು 'ಎರಡು ಆಟೀನು' ಅಂದರೆ, ನನಗೂ ಮೂರು ಆಟೀನು ಇದೆ, ಆದರೆ ಅಂಕ ಆರರಿಂದ ಒಂಬತ್ತರೊಳಗೆ, ಜಾಸ್ತಿ ಆಸೆ ಬೇಡ ಅಂತ. ಇಬ್ಬರದೂ ಸೇರಿ 25ರ ಆಸುಪಾಸು ಇದ್ದರೆ 'ನಾಲ್ಕು ಆಟೀನು', ಅಂದರೆ 10 ಟ್ರಿಕ್, ಕೂಗುವ ಧೈರ್ಯ ಮಾಡಬಹುದು. ಕೂಗಿದಷ್ಟು ಗೆಲ್ಲದಿದ್ದರೆ ಅಂಕ ಎದುರಾಳಿಗೆ. ಪ್ರಣಾಳಿಕೆಯಲ್ಲಿ ಹೇಳಿದ್ದು ಮಾಡದಿದ್ದರೆ ಅವತ್ತೇ ದಂಡ, ಐದು ವರ್ಷ ಕಾಯೋ ಹಾಗಿಲ್ಲ.

ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದಿದೆ. ನಮ್ಮ ಕೂಗಿಗೆ ನಾವಿಬ್ಬರು ಯಾವ ಅರ್ಥ ಇಟ್ಟುಕೊಂಡಿದ್ದೇವೆ ಅನ್ನೋದು ಎದುರಾಳಿಗೂ ಗೊತ್ತಿರಬೇಕು. ಅವರು ಕೇಳಿದರೆ ಹೇಳಲೇಬೇಕು. ಎಲೆ ಗುಟ್ಟಾಗಿರಬಹುದು, ಒಪ್ಪಂದ ಗುಟ್ಟಾಗಿರುವಂತಿಲ್ಲ. ಚುನಾವಣಾ ಬಾಂಡ್ ತಂದವರು ಬ್ರಿಡ್ಜ್ ಆಡುವವರಲ್ಲ ಅಂತ ಕಾಣುತ್ತೆ.

ಹರಾಜು ಗೆದ್ದವರ ಜೋಡಿಗೆ 'ಡಮ್ಮಿ' ಅಂತ ಹೆಸರು. ಎದುರಾಳಿ ಮೊದಲ ಎಲೆ ಇಳಿಸಿದ ಮೇಲೆ ಡಮ್ಮಿ ತನ್ನ 13 ಎಲೆಯನ್ನೂ ಎಲ್ಲರಿಗೂ ಕಾಣುವಂತೆ ಹರಡಿ ಸುಮ್ಮನಾಗಬೇಕು. ಎರಡೂ ಕೈ ಆಡೋದು ಹರಾಜು ಗೆದ್ದವರೇ. ಇಲ್ಲಿಂದ ಆಟ ಲೆಕ್ಕಕ್ಕೆ ತಿರುಗುತ್ತೆ.

ಒಂದು ಉದಾಹರಣೆ. ಡಮ್ಮಿಯ ಹತ್ತಿರ ಡೈಮಂಡ್ ಎಕ್ಕ, ರಾಣಿ ಇವೆ. ರಾಜ ಎದುರಾಳಿಗಳಲ್ಲಿ ಯಾರೋ ಒಬ್ಬರ ಹತ್ತಿರ. ನೀವು ನಿಮ್ಮ ಕೈಯಿಂದ ಸಣ್ಣ ಡೈಮಂಡ್ ಇಳಿಸುತ್ತೀರಿ. ಡಮ್ಮಿಗಿಂತ ಮುಂಚೆ ಆಡಬೇಕಾದವರು ನಿಮ್ಮ ಎಡಗಡೆಯವರು. ಅವರು ರಾಜ ಹಾಕಿದರೆ ಎಕ್ಕ ಹೊಡೆಯಿರಿ, ಹಾಕದಿದ್ದರೆ ರಾಣಿ ಹಾಕಿ. ರಾಜ ಎಡಗಡೆ ಇದ್ದರೆ ರಾಣಿ ಗೆಲ್ಲುತ್ತೆ, ಬಲಗಡೆ ಇದ್ದರೆ ಸೋಲುತ್ತೆ. ಅರ್ಧಕ್ಕರ್ಧ ಸಾಧ್ಯತೆ, ಇಲ್ಲಿಯವರೆಗೆ ನಾಣ್ಯ ಚಿಮ್ಮಿದ ಹಾಗೇ. ಆದರೆ ಎಡಗಡೆಯವರು ಹರಾಜು ಶುರುಮಾಡುವ ಅವಕಾಶ ಇದ್ದಾಗಲೂ ಪಾಸ್ ಅಂದಿದ್ದರು. ಆಟದಲ್ಲಿ ಈಗಾಗಲೇ ಎರಡು ಎಕ್ಕ, ಒಂದು ರಾಜ ತೋರಿಸಿದ್ದಾರೆ. ಅಲ್ಲಿಗೆ 11 ಅಂಕ. ಡೈಮಂಡ್ ರಾಜನೂ ಅವರ ಹತ್ತಿರವೇ ಇದ್ದಿದ್ದರೆ 14 ಆಗ್ತಿತ್ತು, ಅಷ್ಟು ಇಟ್ಟುಕೊಂಡು ಯಾರೂ ಪಾಸ್ ಅನ್ನೋದಿಲ್ಲ. ಹಾಗಾದರೆ ರಾಜ ಬಲಗಡೆ ಇದ್ದಾನೆ, ಬೇರೆ ದಾರಿ ಹುಡುಕಿ. ಹೇಳದೇ ಉಳಿದ ಮಾತಿನಿಂದ ಕಾಣದ ಎಲೆ ಕಂಡಿತು. ಇದು ಮೊದಲ ಸಲ ಕೈಗೂಡಿದ ದಿನ ನಮ್ಮ ಪರೀಕ್ಷೆ ಗೆಳತಿ ರಾತ್ರಿ ಹನ್ನೊಂದಕ್ಕೆ ಎಲ್ಲರಿಗೂ ಫೋನ್ ಮಾಡಿ ಅದೇ ಕೈಯನ್ನು ಮತ್ತೆ ವಿವರಿಸಿದಳು.

ಅದೃಷ್ಟವೋ ಕೌಶಲವೋ ಅನ್ನೋ ಪ್ರಶ್ನೆಯನ್ನು ಕೋರ್ಟೂ ಕೇಳಿದೆ, ಅದೂ ನಮಗೆ ದೂರದ ಕಥೆಯಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೋಗುವ ರೈಲು ಮುಟ್ಟುವ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ರಮ್ಮಿ ಆಡಿಸಿದ್ದಕ್ಕೆ ಕೇಸು ಬಿತ್ತು, ಹೈದರಾಬಾದ್ ಜೂಜು ಕಾಯ್ದೆ ಅಡಿ. 1956ರವರೆಗೆ ನಾವೂ ಅದೇ ಹೈದರಾಬಾದ್ ರಾಜ್ಯದವರು. ಕೆ. ಸತ್ಯನಾರಾಯಣ ಪ್ರಕರಣ ಅಂತ ಹೆಸರಾದ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ರಮ್ಮಿಯಲ್ಲಿರುವ ಅದೃಷ್ಟ ಬ್ರಿಡ್ಜ್ ಎಲೆ ಹಂಚುವಾಗ ಇರುವಂಥದ್ದೇ, ಆಟ ಮುಖ್ಯವಾಗಿ ಕೌಶಲದ್ದು ಅಂದಿತು. ಮೂರೆಲೆ ಆಟ ಮಾತ್ರ ಶುದ್ಧ ಅದೃಷ್ಟ. ಕರ್ನಾಟಕದ 1963ರ ಪೊಲೀಸ್ ಕಾಯ್ದೆಯೂ ಕೌಶಲದ ಆಟಗಳನ್ನು ಜೂಜಿನಿಂದ ಹೊರಗಿಟ್ಟಿತ್ತು. ಕೌಶಲದ ಆಟಕ್ಕೂ ಪಣ ಕಟ್ಟಬಾರದು ಎಂದು 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಗೆರೆಯನ್ನೇ ಬದಿಗಿಟ್ಟಿತು: ಕೌಶಲವೋ ಅದೃಷ್ಟವೋ, ಆನ್‌ಲೈನ್‌ನಲ್ಲಿ ರೊಕ್ಕ ಕಟ್ಟಿ ಆಡುವಂತಿಲ್ಲ. ನನ್ನ ಪ್ರಕಾರ ಇದೇ ಹೆಚ್ಚು ಪ್ರಾಮಾಣಿಕ. ಕೌಶಲ-ಅದೃಷ್ಟದ ಗೆರೆ ಆಟದ ಗುಣ ನೋಡಿ ಎಳೆದದ್ದೇ ಇರಬಹುದು, ಆದರೆ ಕ್ಲಬ್ಬಿನ ಕುರ್ಚಿಯವರು ಒಂದು ಕಡೆ, ಬೇವಿನ ಗಿಡದ ಕೆಳಗಿನವರು ಇನ್ನೊಂದು ಕಡೆ ಬೀಳುವಂತೆಯೇ ಅದು ಬಿದ್ದಿದೆ.

ಬ್ರಿಡ್ಜ್ ಆಡುವವರು ಈ ಪ್ರಶ್ನೆಗೆ ಕೋರ್ಟಿಗಿಂತ ಚೆನ್ನಾದ ಉಪಾಯ ಹುಡುಕಿದ್ದಾರೆ. ಅದಕ್ಕೆ ಡೂಪ್ಲಿಕೇಟ್ ಅಂತ ಹೆಸರು. ಇಲ್ಲಿ ಎಲೆಯನ್ನು ಮಧ್ಯಕ್ಕೆ ಎಸೆಯೋದಿಲ್ಲ, ಆಡಿದ ಎಲೆ ಆಡಿದವರ ಮುಂದೆಯೇ ಇರುತ್ತೆ. ಆಟ ಮುಗಿದ ಮೇಲೆ ನಾಲ್ವರ 13 ಎಲೆಯೂ ಹಾಗೇ ಪಕ್ಕದ ಮೇಜಿಗೆ ಹೋಗುತ್ತವೆ. ಅಲ್ಲಿ ಬೇರೆ ನಾಲ್ವರು ಅದೇ ಕೈ ಆಡುತ್ತಾರೆ. ನನಗೆ ಕೆಟ್ಟ ಎಲೆ ಬಂದಿದ್ದರೆ ಆ ಮೇಜಿನಲ್ಲಿ ನನ್ನ ಜಾಗದಲ್ಲಿ ಕೂತವರಿಗೂ ಅದೇ ಕೆಟ್ಟ ಎಲೆ. ಅಂಕ ಹೋಲಿಸೋದು ನಮ್ಮಿಬ್ಬರ ನಡುವೆ ಮಾತ್ರ. ಆರು ಟ್ರಿಕ್ ಮಾಡಿದವರು ಗೆಲ್ಲಬಹುದು, ಹನ್ನೊಂದು ಮಾಡಿದವರು ಸೋಲಬಹುದು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿಯಲ್ಲಿ ಚಿನ್ನ ಗೆದ್ದದ್ದೂ ಈ ಪದ್ಧತಿಯಲ್ಲೇ. ಬರ್ಧನ್ ಅವರಿಗೆ ಆಗ 60 ವರ್ಷ.

ಈ ಪದ್ಧತಿಯನ್ನು ನಾನು ವಿವರಿಸಿದಾಗ ಟೀಚರ್ ಗೆಳತಿ ಕೇಳಿದ್ದು ಒಂದೇ ಮಾತು: "ಮತ್ತ ಮೆರಿಟ್ ಲಿಸ್ಟ್ ಯಾಕ್ ಹಿಂಗ್ ಮಾಡಲ್ಲ?" 2013ರಲ್ಲಿ ಜಾರಿಯಾದ 371(ಜೆ) ಬಗ್ಗೆ, ಮೀಸಲಾತಿ ಬಗ್ಗೆ ವಾದ ಮಾಡುವಾಗ ನಾವು ಗಂಟೆಗಟ್ಟಲೆ ಹೇಳುವುದನ್ನೇ ಆಟ ಒಂದು ನಿಯಮವಾಗಿ ಇಟ್ಟುಕೊಂಡಿದೆ. ಬೇರೆ ಬೇರೆ ಎಲೆ ಬಂದವರ ಅಂಕವನ್ನು ಒಂದೇ ಪಟ್ಟಿಯಲ್ಲಿ ಹಾಕಿ ಯಾರು ಜಾಣರು ಅಂತ ಬ್ರಿಡ್ಜ್ ಹೇಳೋದಿಲ್ಲ. ಹಾಗೆ ಹೇಳೋಕೆ ಬರೋದಿಲ್ಲ ಅಂತ ಅದಕ್ಕೆ ಗೊತ್ತು.

ಕಲಿಯೋರಿಗೆ ನನ್ನ ಸಲಹೆ: ಹರಾಜಿನಿಂದ ಶುರುಮಾಡಬೇಡಿ, ತಲೆ ಕೆಡುತ್ತೆ. ಮೊದಲ ಒಂದೆರಡು ವಾರ ಮಿನಿಬ್ರಿಡ್ಜ್ ಆಡಿ. ಎಲ್ಲರೂ ತಮ್ಮ ಅಂಕ ಬಾಯಿಬಿಟ್ಟು ಹೇಳೋದು, ಹೆಚ್ಚು ಅಂಕದ ಜೋಡಿ ಡಮ್ಮಿ ಎಲೆ ನೋಡಿ ತುರುಫು ಆರಿಸಿ ಆಡೋದು, ಅಷ್ಟೇ. ಟ್ರಿಕ್ ಎಣಿಸುವುದು ಕೈಗೆ ಹತ್ತಿದ ಮೇಲೆ ಹರಾಜು. ನಾಲ್ವರು ಸೇರದ ದಿನ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ರೊಕ್ಕ ಕಟ್ಟದೇ ಆಡಬಹುದು.

ಡೂಪ್ಲಿಕೇಟ್‌ಗೆ ದುಬಾರಿ ಸಾಮಾನು ಬೇಕಿಲ್ಲ. ಪ್ರತಿ ಕಟ್ಟಿಗೆ ಹಳೇ ಮದುವೆ ಕಾರ್ಡಿನ ನಾಲ್ಕು ಲಕೋಟೆ ಸಾಕು, ಮೇಲೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಬರೆದುಕೊಳ್ಳಿ. ಎರಡು ಮೇಜಿಗೆ ಎಂಟು ಜನ ಬೇಕು. ನಮ್ಮ ಹತ್ತಿರ ಸದ್ಯ ಏಳು ಜನ ಇದ್ದಾರೆ. ಸೇಡಂ, ಶಹಾಬಾದ್ ಕಡೆಯವರಾದರೂ ನಡೆಯುತ್ತೆ, ವಾಪಸ್ ಹೋಗೋ ರೈಲಿನ ಟೈಮ್ ನೋಡಿಕೊಂಡು ಬನ್ನಿ.