ಸೀಟು ಸಿಗತೈತೇನ್ರಿ ಮೇಷ್ಟ್ರೇ?

ಸಿಇಟಿ ರಿಸಲ್ಟು ಬಂತೆಂದರೆ ಸಾಕು, ಅಂಬ್ಲಿಗೊಳದಂಥ ಊರಿನಲ್ಲಿ ಅಡಿಕೆ ರೇಟು, ಶುಂಠಿ ರೇಟು, ಕೆರೆ-ಡ್ಯಾಮಿನ ನೀರಿನ ಮಾತು ಎಲ್ಲವೂ ಹಿಂದಕ್ಕೆ ಸರಿಯುತ್ತವೆ. ಶಿಕಾರಿಪುರದ ಬಸ್ಸು ಹತ್ತಿದವರ ಬಾಯಲ್ಲೂ ಅದೇ, ಕಿರಾಣಿ ಅಂಗಡಿ ಕಟ್ಟೆಯ ಮೇಲೂ ಅದೇ. "ನಮ್ಮ ಹುಡುಗಿಗೆ ಇಷ್ಟು ರ‍್ಯಾಂಕು ಬಂದೈತಿ. ಸೀಟು ಸಿಗತೈತೇನ್ರಿ ಮೇಷ್ಟ್ರೇ?" ಮೇಷ್ಟ್ರು ಸಿಗದಿದ್ದರೆ ಕಂಡಕ್ಟರನ್ನು, ಕಂಡಕ್ಟರ್ ಇಲ್ಲದಿದ್ದರೆ ಪಕ್ಕದ ಸೀಟಿನವರನ್ನು ಕೇಳಿದ್ದೂ ಉಂಟು.

ಉತ್ತರ ಹೇಳುವವರಿಗೇನು ಬರವೇ? ಒಬ್ಬರು "ಕಣ್ಣು ಮುಚ್ಚಿಕೊಂಡು ಸಿಗತೈತಿ" ಎಂದರೆ, ಇನ್ನೊಬ್ಬರು "ಅದೆಲ್ಲ ಬೆಂಗಳೂರಿನವರಿಗೆ ಮಾರಾಯ, ನಮಗೆಲ್ಲಿ" ಎನ್ನುತ್ತಾರೆ. ಇಬ್ಬರದೂ ಗಾಳಿಮಾತು. ಲೆಕ್ಕ ಹಾಕಲು ಬರುವ ವಿಷಯವನ್ನು ಕಣಿ ಕೇಳಿದಂತೆ ಕೇಳಿದರೆ ಮನೆಯವರು ಒಂದೋ ಅಟ್ಟಕ್ಕೇರುತ್ತಾರೆ, ಇಲ್ಲವೇ ಪಾತಾಳಕ್ಕಿಳಿಯುತ್ತಾರೆ.

ಹಿಂದೆ ಲೆಕ್ಕ ಬೇರೆಯಿತ್ತು. ಪಿಯುಸಿ ಅಂಕ ಒಂದು ಕಡೆ, ಡೊನೇಶನ್ ಚೀಲ ಇನ್ನೊಂದು ಕಡೆ. ಕ್ಯಾಪಿಟೇಶನ್ ಹಾವಳಿ ತಡೆಯಲು ರಾಜ್ಯ ಸರ್ಕಾರ 1984ರಲ್ಲಿ ಕಾಯ್ದೆ ಮಾಡಿತು. ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಅದರ ಬೆನ್ನಿಗೆ 1994ರಲ್ಲಿ ಸಿಇಟಿ ಶುರುವಾಯಿತು. ಹಳ್ಳಿಯ ಹುಡುಗ ಯಾರ ಶಿಫಾರಸೂ ಇಲ್ಲದೆ ಬರೀ ರ‍್ಯಾಂಕಿನ ಬಲದಿಂದ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತುವ ದಾರಿ ತೆರೆದದ್ದು ಹೀಗೆ.

ಈಗಿನ ಲೆಕ್ಕ ಕೇಳಿ. ಇಂಜಿನಿಯರಿಂಗಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕವನ್ನು 50ಕ್ಕೆ ಇಳಿಸುತ್ತಾರೆ. ಅವೇ ಮೂರು ವಿಷಯದ ಸಿಇಟಿಯ 180 ಅಂಕವನ್ನೂ 50ಕ್ಕೆ ಇಳಿಸುತ್ತಾರೆ. ಎರಡನ್ನೂ ಕೂಡಿ ರ‍್ಯಾಂಕು ಕಟ್ಟುತ್ತಾರೆ. ಮೆಡಿಕಲ್ ದಾರಿಯೇ ಬೇರೆ. ಅಲ್ಲಿ ನಡೆಯುವುದು ನೀಟ್ ರ‍್ಯಾಂಕು. ಪಿಯುಸಿ ಅಂಕ ಬೇಕಾಗುವುದು ಅರ್ಹತೆಗೆ ಮಾತ್ರ.

ಒಂದೇ ಮನೆಯ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳಿ. ಅಣ್ಣನ ಮಗಳಿಗೆ ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90. ಅಲ್ಲಿಗೆ 45 ಮತ್ತು 25, ಒಟ್ಟು 70. ತಮ್ಮನ ಮಗನಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 108. ಅಲ್ಲಿಗೆ 40 ಮತ್ತು 30, ಅದೂ 70. ಊರವರು "ಹುಡುಗಿ ಪಿಯುಸಿಯಲ್ಲಿ ಮುಂದು" ಎಂದೋ "ಹುಡುಗ ಸಿಇಟಿಯಲ್ಲಿ ಮುಂದು" ಎಂದೋ ಜಗಳ ಕಾಯಬಹುದು. ತಕ್ಕಡಿಯಲ್ಲಿ ಮಾತ್ರ ಇಬ್ಬರೂ ಸಮ.

ಆದರೆ ಸೀಟು ಸಮನಾಗಿ ಸಿಗುತ್ತದೆಯೇ? ಇಲ್ಲ. ಗುಟ್ಟು ಇರುವುದು ಇಲ್ಲೇ.

ಹುಡುಗಿ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ, ಕನ್ನಡದಲ್ಲೇ ಓದಿದಳು ಎನ್ನಿ. ಹುಡುಗನನ್ನು ಎಂಟನೇ ಕ್ಲಾಸಿಗೆ "ಪೇಟೆಯಲ್ಲಿ ಓದಲಿ" ಎಂದು ಶಿಕಾರಿಪುರಕ್ಕೆ ಹಾಕಿದರು. ಶಿಕಾರಿಪುರ ಪುರಸಭೆಯ ಊರು. ಗ್ರಾಮೀಣ ಮೀಸಲಾತಿ ಶೇಕಡಾ 15. ಅದು ಬೇಕೆಂದರೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಬೇರೆ. ಹುಡುಗಿಗೆ ಎರಡು ಬಾಗಿಲು ಹೆಚ್ಚಿಗೆ ತೆರೆದವು. ಹುಡುಗನ ಗ್ರಾಮೀಣ ಬಾಗಿಲು ಮೂರು ವರ್ಷದ ಪೇಟೆ ಓದಿನಿಂದ ಮುಚ್ಚಿತು. ಪಿಯುಸಿಯನ್ನು ಎಲ್ಲಿ ಓದಿದರೂ ಇದಕ್ಕೆ ಅಡ್ಡಿಯಿಲ್ಲ. ಹತ್ತನೇ ಕ್ಲಾಸಿನ ಒಳಗೆ ಊರು ಬಿಡಿಸುವ ಮುನ್ನ ತಂದೆತಾಯಿ ಇದನ್ನು ತಿಳಿದಿರಬೇಕು. ರಿಸಲ್ಟು ಬಂದ ಮೇಲೆ ತಿಳಿದರೆ ಮಿಂಚಿಹೋದ ಮಾತು.

ಬಾಗಿಲು ತೆರೆದಿದ್ದರೂ ಕೀಲಿ ಬೇಕಲ್ಲ? ಕೀಲಿ ಎಂದರೆ ವ್ಯಾಸಂಗ ಪ್ರಮಾಣಪತ್ರ. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಓ ಸಹಿ. ಎರಡು ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಯ ಬಾಗಿಲಿಗೂ ಅಲೆಯಬೇಕು. ಜಾತಿ, ಆದಾಯದ ಪತ್ರಕ್ಕೂ ಅಷ್ಟೇ, ಕೊನೆಯ ವಾರದಲ್ಲಿ ಓಡಿದವರಿಗೆ ನಾಡಕಚೇರಿಯ ಮುಂದೆ ಸರದಿಯೇ ಗತಿ. ಒಳ್ಳೆಯ ರ‍್ಯಾಂಕು ಇದ್ದೂ ಕಾಗದವಿಲ್ಲದೆ ಸೀಟು ಕೈತಪ್ಪಿದರೆ ಯಾರನ್ನು ದೂರುವುದು?

ಇನ್ನು ಸಿಗತೈತೋ ಇಲ್ಲವೋ ಎಂಬುದಕ್ಕೆ ಬರೋಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ಸುತ್ತು ಮುಗಿದ ಮೇಲೆ ಯಾವ ಕಾಲೇಜು, ಯಾವ ಕೋರ್ಸು, ಯಾವ ವರ್ಗಕ್ಕೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂದು ಪ್ರಕಟಿಸುತ್ತದೆ. ಅದನ್ನೇ ಕಟಾಫ್ ಎನ್ನುವುದು. ಶಿವಮೊಗ್ಗದ ಜೆಎನ್‌ಎನ್‌ಸಿಇ ಆಗಲಿ, ದಾವಣಗೆರೆಯ ಬಿಐಇಟಿ ಆಗಲಿ, ಹಿಂದಿನ ಎರಡು ಮೂರು ವರ್ಷದ ಪಟ್ಟಿ ಮುಂದಿಟ್ಟುಕೊಂಡು ನಮ್ಮ ವರ್ಗದ ಕಾಲಂ ನೋಡಬೇಕು. ಜಿಎಂ ಎಂದರೆ ಸಾಮಾನ್ಯ, ಜಿಎಂಆರ್ ಎಂದರೆ ಸಾಮಾನ್ಯದಲ್ಲಿ ಗ್ರಾಮೀಣ, ಜಿಎಂಕೆ ಎಂದರೆ ಕನ್ನಡ ಮಾಧ್ಯಮ. ಪಕ್ಕದ ಕಾಲಂ ನೋಡಿ ಹಿಗ್ಗಿದರೆ ಪಕ್ಕದ ಮನೆ ಕಣಜ ನೋಡಿ ಅನ್ನಕ್ಕಿಟ್ಟಂತೆ.

ಹೋಲಿಸಬೇಕಾದ್ದು ರ‍್ಯಾಂಕನ್ನು, ಅಂಕವನ್ನಲ್ಲ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆ ಬಂದವೆಂದು ಗಲಾಟೆಯಾಗಿ 50 ಪ್ರಶ್ನೆಗಳನ್ನು ಲೆಕ್ಕದಿಂದಲೇ ಕೈಬಿಟ್ಟರು. ಕೋವಿಡ್‌ನಿಂದಾಗಿ 2021ರಲ್ಲಿ ಪಿಯುಸಿ ಅಂಕವನ್ನು ಸೇರಿಸಲೇ ಇಲ್ಲ. ಇಂಥ ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕಕ್ಕೆ ತೂಗಿದರೆ ಸೇರನ್ನು ಗಜದಲ್ಲಿ ಅಳೆದ ಹಾಗೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಪ್ಷನ್ ಎಂಟ್ರಿಯಲ್ಲಿ ಆಗುತ್ತದೆ. "ಸಿಗೋದನ್ನೇ ಮೊದಲು ಹಾಕು, ಇಲ್ಲದಿದ್ರೆ ಅದೂ ಹೋಗತೈತಿ" ಎಂಬ ಬುದ್ಧಿವಾದ ಬಸ್ಸಿನಲ್ಲಿ ಪುಕ್ಕಟೆ ಸಿಗುತ್ತದೆ. ಇದು ಪೂರಾ ತಪ್ಪು. ಸರದಿ ಬಂದಾಗ ಕಂಪ್ಯೂಟರು ಪಟ್ಟಿಯ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಸಿಗುವ ಮೊದಲನೆಯದನ್ನು ಕೊಡುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಕೆಳದರ್ಜೆಯದನ್ನು ಮೇಲೆ ಬರೆದವರಿಗೆ ಮಾತ್ರ ಒಳ್ಳೆಯದು ಕೈಗೆಟುಕುವಂತಿದ್ದರೂ ಬಿಟ್ಟುಹೋಗುತ್ತದೆ. ಆದ್ದರಿಂದ ಆಸೆಯದು ಮೇಲೆ, ಸಾಧ್ಯವಾದದ್ದು ನಡುವೆ, ಖಾತ್ರಿಯದು ಕೊನೆಗೆ. ಅಣಕು ಹಂಚಿಕೆ ಬಂದಾಗ ಪೇಡೆ ಹಂಚಬೇಡಿ. ಅದು ತಾಲೀಮು, ನಾಟಕವಲ್ಲ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳುವುದು ಜಾಣತನ.

ಇಂಜಿನಿಯರಿಂಗ್ ಒಂದೇ ಅಲ್ಲ. ಪಕ್ಕದ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಶೇಕಡಾ 40 ಇದ್ದದ್ದು 50 ಆಗಿದೆ. ಅದಕ್ಕೆ ಬೇಸಾಯದ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ಗುರುತಿಸುವುದು ಗದ್ದೆಗಿಳಿದ ಮಕ್ಕಳಿಗೆ ಹೇಳಿಕೊಡಬೇಕೇ? ಆದರೂ ಊರಿನಲ್ಲಿ "ಓದಿಯೂ ಮಣ್ಣೇ ಮುಟ್ಟಬೇಕಾ" ಎಂಬ ಮಾತು ನಿಂತಿಲ್ಲ.

ಸಿಗತೈತೇನ್ರಿ ಎಂಬ ಪ್ರಶ್ನೆಗೆ ಉತ್ತರ ಅಂಗಡಿ ಕಟ್ಟೆಯಲ್ಲಿಲ್ಲ. ಮೂರು ವರ್ಷದ ಪಟ್ಟಿ, ತನ್ನ ಕಾಲಂ, ಸಹಿಯಾದ ಕಾಗದ ಈ ಮೂರರಲ್ಲಿದೆ. "ಮ್ಯಾನೇಜ್‌ಮೆಂಟ್ ಕೋಟಾ ಕೊಡಿಸ್ತೀನಿ, ಅಡ್ವಾನ್ಸ್ ಕೊಡಿ" ಎಂದು ಬರುವವರಿಗೆ ತೋಟ ಅಡವಿಡುವ ಮುನ್ನ ಮನೆಯವರು ಒಂದು ಸಂಜೆ ಮಗಳನ್ನು ಪಕ್ಕ ಕೂರಿಸಿಕೊಂಡು ಈ ಲೆಕ್ಕ ಹಾಕಲಿ. ಅವಳಿಗೇನು ಓದುವ ಆಸೆ ಎಂಬುದನ್ನೂ ಅದೇ ಹೊತ್ತಿಗೆ ಒಮ್ಮೆ ಕೇಳಲಿ.