ಹಾಸ್ಯ–ಭಯಾನಕಗಳ ಸಹವಾಸ

ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂಬುದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನ ಮತ. ಆದರೆ ಅಮೆರಿಕೆಯಲ್ಲಿ ಪಾಲ್ ಲೆನಿಯು 1927ರಲ್ಲಿ ನಿರ್ದೇಶಿಸಿದ ‘ದಿ ಕ್ಯಾಟ್ ಅಂಡ್ ದಿ ಕ್ಯಾನರಿ’ ಎಂಬ ಮೂಕಚಿತ್ರದಲ್ಲಿ ಹಾಸ್ಯವೂ ಭಯವೂ ಒಂದೇ ಮನೆಯಲ್ಲಿ ವಾಸಿಸುತ್ತವೆ. ಇದು ರಸಭಂಗವಲ್ಲವೆ ಎಂಬ ಶಂಕೆಯು ಸಹಜವಾದುದೇ.

ಜಾನ್ ವಿಲ್ಲಾರ್ಡನ 1922ರ ನಾಟಕವು ಈ ಚಿತ್ರಕ್ಕೆ ಮೂಲ. ಧನಿಕನೊಬ್ಬನು ಸತ್ತು 20 ವರ್ಷಗಳಾದ ಮೇಲೆ, ನಡುರಾತ್ರಿಯಲ್ಲಿ, ಅವನ ಸೌಧದಲ್ಲಿಯೇ ಮರಣಶಾಸನವನ್ನು ಓದುತ್ತಾರೆ. ಆಸ್ತಿಯು ಆನಾಬೆಲ್ ಎಂಬವಳಿಗೆ ಸಲ್ಲತಕ್ಕದ್ದು. ಅವಳಿಗೆ ಬುದ್ಧಿಭ್ರಮಣೆಯೆಂದು ಸಿದ್ಧವಾದರೆ ಮಾತ್ರ ಬೇರೊಬ್ಬರ ಪಾಲು. ಗೋಡೆಯೊಳಗಿಂದ ಕೈಯೊಂದು ಹೊರಬಂದು, ಮಲಗಿದ್ದ ಅವಳ ಕೊರಳಿನ ಹಾರವನ್ನು ಅಪಹರಿಸುತ್ತದೆ. ಅವಳ ಭೀತಿಗೆ ಪ್ರೇಕ್ಷಕನು ನಕ್ಕನೆಂದರೆ, ಅವಳನ್ನು ಹುಚ್ಚಿಯೆನ್ನುವವರ ಪಕ್ಷವನ್ನೇ ಹಿಡಿದಂತಾಯಿತು. ಆದುದರಿಂದ ಲೆನಿಯು ನಗೆಯನ್ನು ಮುಖ್ಯವಾಗಿ ಅವಳ ಬಂಧುವೂ ಪುಕ್ಕಲನೂ ಆದ ಪಾಲ್ ಜೋನ್ಸನಲ್ಲಿ ಇರಿಸಿರುವನು.

ವಿರೋಧಿರಸಗಳಿಗೆ ಭಿನ್ನಭಿನ್ನವಾದ ಆಶ್ರಯಗಳನ್ನು ಕಲ್ಪಿಸಿದರೆ ದೋಷವಿಲ್ಲವೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ತಿಳಿಸಿರುವನು. ಇಲ್ಲಿ ನಡೆದಿರುವುದೂ ಅದೇ. ಭಯವು ಆನಾಬೆಲಳಲ್ಲಿ ಸ್ಥಾಯಿ. ಪಾಲನಲ್ಲಿ ಅದೇ ಭಯವು ಹಾಸ್ಯಕ್ಕೆ ವಿಭಾವ. ಅವಳನ್ನು ಪೀಡಿಸಿದವನು ಆಸ್ತಿಗೆ ಆಸೆಪಟ್ಟ ಮಾರುವೇಷದ ಬಂಧುವೆಂದು ಕಡೆಯಲ್ಲಿ ಬಯಲಾಗುತ್ತದೆ. ಪಾಲನ ನಡುಕವು ಆಗಲೂ ನಗೆ ತರುತ್ತದೆ. ಆನಾಬೆಲಳ ಭೀತಿಯಾದರೋ ನಿಷ್ಕಾರಣವಲ್ಲವೆಂದು ಸಿದ್ಧವಾಗುತ್ತದೆ.